ಬರೀ ಬಿ.ಕಾಂ. ಅಲ್ಲ

ನಿಮ್ಮ ಪತ್ರದಲ್ಲಿ ನಾಲ್ಕು ಕಡೆ ‘ನಾನು ಬರೀ ಬಿ.ಕಾಂ.’ ಎಂದಿದ್ದೀರಿ. ಮೊದಲು ಆ ‘ಬರೀ’ ಬಿಡಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ. ಡೆವಲಪ್‌ಮೆಂಟ್ ಆಗಲಿ, ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಲ್ಲಿ ಶುರುವಾದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸಾಗಲಿ, ಯಾವ ವಿಷಯದ ಪದವಿ ಇದ್ದರೂ ಸಾಕು. ಎರಡೂ 2 ವರ್ಷದವು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಕಾನೂನು ಓದಿದವರೆಲ್ಲ ಒಂದೇ ಪ್ರಶ್ನೆಯ ಸುತ್ತ ಕೂರುವ ಕಡೆ ಲೆಕ್ಕಪತ್ರ ಬಲ್ಲವರೂ ಬೇಕು. ಪಂಚಾಯಿತಿ ಬಜೆಟ್ ಕಂಡರೆ ಗಾಬರಿಬೀಳುವ ಬಿ.ಎ. ಪದವೀಧರರನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರವೇಶ ಪರೀಕ್ಷೆ ಎರಡೂ ಕಡೆ ಇದೆ. ಪ್ರೇಮ್‌ಜಿಯಲ್ಲಿ ಸಂದರ್ಶನವೂ ಉಂಟು. ಕಾನೂನು ಶಾಲೆಯ ಎನ್‌ಎಲ್‌ಸ್ಯಾಟ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಜೊತೆ ಬರೆದು ಉತ್ತರಿಸುವ ಭಾಗವಿದೆ. ನಿಮಗೆ ತೊಡಕಾಗುವುದು ಇಲ್ಲೇ. ಅಕೌಂಟ್ಸ್ ಓದಿದವರಿಗೆ ಎಲ್ಲವೂ ‘ಟ್ಯಾಲಿ’ ಆಗಬೇಕೆಂಬ ಚಟ. ಇಲ್ಲಿ ಟ್ಯಾಲಿ ಆಗದ ವಾದವನ್ನು ಇಂಗ್ಲಿಷಿನಲ್ಲಿ ನಿಭಾಯಿಸಬೇಕು. ದಿನಕ್ಕೊಂದು ಸಂಪಾದಕೀಯ ಓದಿ, ಅದನ್ನು ಒಪ್ಪದೆ ಒಂದು ಪುಟ ಬರೆಯಿರಿ. ಮೂರು ತಿಂಗಳಲ್ಲಿ ಕೈ ಕುದುರುತ್ತದೆ.

ಸೇರಿದ ಮೇಲೆ ಸಂಶೋಧನಾ ವಿಧಾನದ ಪಾಠ, ಊರೂರು ತಿರುಗುವ ಕ್ಷೇತ್ರಕಾರ್ಯ ತಪ್ಪದು. ಬಿಸಿಲಿಗೆ ಹೆದರುವವರಾದರೆ ಈಗಲೇ ಹೇಳಿಬಿಡಿ!

ಶುಲ್ಕದ ಚಿಂತೆ ನಿಜವೇ. ಪ್ರೇಮ್‌ಜಿಯಲ್ಲಿ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕೊನೆಯ ವರ್ಷದ ಫಲಿತಾಂಶಕ್ಕೆ ಕಾಯುತ್ತ ಕೂರಬೇಡಿ, ಅದಕ್ಕೂ ಮೊದಲೇ ಅರ್ಜಿ ಹಾಕಬಹುದು.