ಕೊಳೆನೀರಿನ ಶುದ್ಧೀಕರಣವೂ ಲೋಹವಿಷವೂ

ಪಟ್ಟಣಗಳ ಕೊಳೆನೀರನ್ನು ಶುದ್ಧಿಮಾಡಿ ಬೇಸಾಯಕ್ಕೆ ಬಳಸುವುದು ಲಾಭಕರವೆಂಬುದು ನಿರ್ವಿವಾದ. ಆದರೆ ನಂಜನಗೂಡಿನಂತೆ ಕೈಗಾರಿಕೆಗಳು ಬೆಳೆದಿರುವ ಸೀಮೆಯಲ್ಲಿ, ಹದಿನಾರು ಮೊದಲಾದ ಗ್ರಾಮಗಳ ಮುಖಂಡರೂ ಜಮೀನುದಾರರೂ ಇದರ ಒಂದು ಅಪಾಯವನ್ನು ಚೆನ್ನಾಗಿ ತಿಳಿದಿರತಕ್ಕದ್ದು.

ಕೊಳೆನೀರನ್ನು ಶುದ್ಧಿಮಾಡುವ ಕೆಲಸವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದು. ತೊಟ್ಟಿಯೊಳಕ್ಕೆ ಗಾಳಿಯನ್ನು ಊದಿದರೆ ಅವು ಕೊಳೆಯನ್ನು ತಿಂದು ವೃದ್ಧಿಹೊಂದಿ, ಬಳಿಕ ರಾಡಿಯಾಗಿ ತಳಕ್ಕಿಳಿಯುವುವು. ಮೇಲೆ ತಿಳಿನೀರು ನಿಲ್ಲುವುದು. ಈ ಕ್ರಮವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಪ್ರಕಟಿಸಿದರು. ಅವರಿಗೆ ದಾರಿತೋರಿದ ಗಿಲ್ಬರ್ಟ್ ಫೌಲರ್ ಎಂಬವರು ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು.

ಮೈಲುತುತ್ತವನ್ನು ಸುಣ್ಣದೊಡನೆ ಬೆರಸಿ ಸಿಂಪಡಿಸಿದರೆ ಅಡಕೆಯ ಕೊಳೆರೋಗವು ಅಡಗುವುದನ್ನು ವ್ಯವಸಾಯಗಾರರು ಬಲ್ಲರು. ಅಲ್ಲಿ ರೋಗದ ಬೂಷ್ಟನ್ನು ಕೊಲ್ಲುವ ತಾಮ್ರವೇ ತೊಟ್ಟಿಯ ಉಪಕಾರಿ ಜೀವಿಗಳನ್ನೂ ಕೊಲ್ಲುವುದು. ಸತು, ನಿಕ್ಕಲ್, ಕ್ರೋಮಿಯಂ, ಕ್ಯಾಡ್ಮಿಯಂಗಳ ಗುಣವೂ ಇದೇ. ತಾಮ್ರ ಸತುಗಳು ಲೇಶಮಾತ್ರ ಬೇಕಾದರೂ, ಮಿತಿಮೀರಿದರೆ ಜೀವಿಗಳ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುವುವು. ಅಮೋನಿಯವನ್ನು ನೈಟ್ರೇಟನ್ನಾಗಿ ಮಾಡುವ ಜೀವಿಗಳು ನಿಧಾನವಾಗಿ ಬೆಳೆಯತಕ್ಕವಾದ್ದರಿಂದ ಅವು ಮೊದಲು ಕೆಡುವುವು. ಆಗ ಅಮೋನಿಯವು ಹಾಗೆಯೇ ಹೊಳೆಗೆ ಹರಿದು ಮೀನುಗಳಿಗೆ ಮಾರಕವಾಗುವುದು.

ಕೊಳೆಯು ಕರಗಬಹುದು, ಲೋಹವು ಕರಗದು. ನೀರಿನಿಂದ ಬಿಟ್ಟ ಲೋಹದ ಬಹುಭಾಗವು ರಾಡಿಯಲ್ಲಿ ಸೇರುವುದು. ಆ ರಾಡಿಯನ್ನು ಗೊಬ್ಬರವೆಂದು ವರ್ಷವರ್ಷವೂ ಹಾಕಿದರೆ ಲೋಹವು ಭೂಮಿಯಲ್ಲಿ ಸಂಚಯವಾಗುವುದು. ಹುಳಿಮಣ್ಣಿನಲ್ಲಿ ಕ್ಯಾಡ್ಮಿಯಂ ಸೊಪ್ಪಿಗೂ ಧಾನ್ಯಕ್ಕೂ ಸುಲಭವಾಗಿ ಏರುವುದು. ಆದಕಾರಣವೇ 1985ರ ರಸಗೊಬ್ಬರ ನಿಯಂತ್ರಣಾಜ್ಞೆಯಂತೆ ಪಟ್ಟಣದ ಕಾಂಪೋಸ್ಟಿನ ಒಂದು ಕಿಲೋಗ್ರಾಮಿನಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಮನ್ನೂ ಸೀಸ 100 ಮಿಲಿಗ್ರಾಮನ್ನೂ ಮೀರಕೂಡದು.

ಲೋಹವನ್ನು ಅದು ಹುಟ್ಟುವ ಕಾರ್ಖಾನೆಯಲ್ಲಿಯೇ ತಡೆಯುವುದು ಉತ್ತಮೋಪಾಯ. ಅಲ್ಲಿ ನೀರಿಗೆ ಸುಣ್ಣವನ್ನು ಬೆರಸಿದರೆ ಅನೇಕ ಲೋಹಗಳು ಗಷ್ಟಾಗಿ ತಳಕ್ಕಿಳಿಯುವುವು. ಈ ಗಷ್ಟನ್ನು ಹೊಲಕ್ಕೆ ಎಂದಿಗೂ ಹಾಕಲಾಗದು.

ಜಮೀನುದಾರರು ಆಚರಿಸತಕ್ಕ ನಿಯಮಗಳು:

1. ಲೋಹಪರೀಕ್ಷೆಯ ಪತ್ರವಿಲ್ಲದ ರಾಡಿಗೊಬ್ಬರವನ್ನು, ಪುಕ್ಕಟೆಯಾಗಿ ಬಂದರೂ, ಕೊಳ್ಳಬಾರದು.

2. ಬ್ಯಾಟರಿ ಒಡೆಯುವ ಮತ್ತು ಲೋಹಲೇಪ ಕೊಡುವ ಅಂಗಡಿಗಳ ನೀರನ್ನು ಊರ ಚರಂಡಿಗೆ ಬಿಡಗೊಡಬಾರದು.

3. ಹೊಳೆಯಲ್ಲಾಗಲಿ ಕೆರೆಯಲ್ಲಾಗಲಿ ಮೀನು ಸತ್ತು ತೇಲಿದರೆ, ನೀರಿನ ಬಣ್ಣ ಕೆಟ್ಟರೆ, ಒಡನೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಬೇಕು.

4. ಕೊಳೆನೀರು ಹಾಯುವ ಗದ್ದೆಯ ಮಣ್ಣನ್ನು ಆಗಾಗ್ಗೆ ಪರೀಕ್ಷೆಗೆ ಕಳುಹಿಸಬೇಕು; ಮಣ್ಣು ಹುಳಿಯಾಗಿದ್ದರೆ ಪರೀಕ್ಷೆಯವರು ಹೇಳಿದಷ್ಟು ಸುಣ್ಣವನ್ನು ಹಾಕಬೇಕು.

ಗೊಬ್ಬರ ಸಾಲದ ಹೊಲವನ್ನು ಒಂದೆರಡು ವರ್ಷಗಳಲ್ಲಿ ಸರಿಪಡಿಸಬಹುದು. ಲೋಹವೇರಿದ ಹೊಲವು ಮೊಮ್ಮಕ್ಕಳ ಕಾಲಕ್ಕೂ ಸರಿಹೋಗುವುದು ದುಸ್ತರ.