ಮೊದಲ ಸಲ ಮೈತ್ರಿಗೆ ಹೊರಟವರಿಗೆ

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಮೈತ್ರಿ ನೆಲೆಯಲ್ಲಿ ಬೇಸಿಗೆಯ ಕೆಲಸಕ್ಕೆ ಆಯ್ಕೆಯಾದಿರಾ? ಮೊದಲು ಹಲ್ಲಿನ ಡಾಕ್ಟರ ಬಳಿ ಹೋಗಿ. ನಗಬೇಡಿ. ನೆಲೆಯಲ್ಲಿ ವೈದ್ಯರೇನೋ ಇರುತ್ತಾರೆ, ಹಲ್ಲಿನ ತಜ್ಞರನ್ನು ನಿರೀಕ್ಷಿಸಬೇಡಿ. ವೈದ್ಯಕೀಯ ತಪಾಸಣೆಯಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ಉತ್ತರಾಖಂಡದ ಔಲಿಯಲ್ಲಿ ಕೊಡುವ ಹಿಮದ ತರಬೇತಿಯನ್ನು ಪ್ರವಾಸವೆಂದುಕೊಳ್ಳಬೇಡಿ.

ಕೇಪ್‌ಟೌನ್‌ನಿಂದ ವಿಮಾನ ಇಳಿಯುವುದು ಮಂಜುಗಡ್ಡೆಯ ರನ್‌ವೇ ಮೇಲೆ. ಹವಾಮಾನ ಒಪ್ಪದಿದ್ದರೆ ಅದು ಏಳುವುದೇ ಇಲ್ಲ. ಹಾಗಾಗಿ ದಿನನಿತ್ಯದ ಮಾತ್ರೆ, ಕನ್ನಡಕ, ಎರಡು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಬೂಟಿನ ಅಡಿ, ಜೇಬಿನ ಮೂಲೆ, ವೆಲ್ಕ್ರೋ ಪಟ್ಟಿ ಇವನ್ನು ಊರಲ್ಲೇ ಉಜ್ಜಿ ತೊಳೆಯಿರಿ. ನಮ್ಮ ಮಣ್ಣು, ಹುಲ್ಲಿನ ಬೀಜ ಅಲ್ಲಿಗೆ ಹೋಗಬಾರದು. ಅಂಟಾರ್ಕ್ಟಿಕಾದ ಪರಿಸರ ಕಾಪಾಡುವ 1991ರ ಮ್ಯಾಡ್ರಿಡ್ ಒಪ್ಪಂದದ ಆಶಯವೂ ಅದೇ, 2022ರಲ್ಲಿ ನಮ್ಮ ಸಂಸತ್ತು ಮಾಡಿದ ಕಾನೂನಿನದೂ ಅದೇ.

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಹೊಸಬರು ಉತ್ಸಾಹದಲ್ಲಿ ಹೊತ್ತು ಮರೆತು ದುಡಿದು ಸುಸ್ತಾಗುತ್ತಾರೆ. ಗಡಿಯಾರ ನೋಡಿ ಮಲಗಿ, ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಳ್ಳಿ. ಮೋಡ ಕವಿದಿದ್ದರೂ ಹೊರಗೆ ಕಪ್ಪು ಕನ್ನಡಕ ತೆಗೆಯಬೇಡಿ. ಹಿಮದಿಂದ ಪುಟಿಯುವ ನೇರಳಾತೀತ ಕಿರಣ ಕಣ್ಣನ್ನು ಸುಡುತ್ತದೆ. ಗಾಳಿ ತುಂಬ ಒಣ, ಬಾಯಾರಿಕೆ ಗೊತ್ತಾಗುವುದಿಲ್ಲ. ನೀರು ಕುಡಿಯುತ್ತಲೇ ಇರಿ.

ಇನ್ನೊಂದು ಮಾತು. ವಿಜ್ಞಾನಿಯಾದರೂ ಸರಿ, ಅಡುಗೆಮನೆಯ ಸರದಿ ತಪ್ಪುವುದಿಲ್ಲ. ಹೊರಡುವ ಮುಂಚೆ ಮನೆಯಲ್ಲಿ ಒಂದು ದೊಡ್ಡ ಪಾತ್ರೆ ಸಾರು ಮಾಡಿ ನೋಡಿ. ಚೆನ್ನಾಗಿ ಬಂದರೆ ನೆಲೆಯಲ್ಲಿ ಗೆಳೆಯರು ತಾವಾಗಿಯೇ ಸಿಗುತ್ತಾರೆ.