ಮೊದಲು ದುಂಡು, ಆಮೇಲೆ ಬಣ್ಣ: ಅಲಾಯ್ ವೀಲ್ ಸರಿಮಾಡುವ ಅಂಗಡಿ ಹುಡುಕಲು ಸೂತ್ರಗಳು

ಹಾರನಹಳ್ಳಿಯಿಂದ ಅರಸೀಕೆರೆಗೆ 8 ಕಿ.ಮೀ., ಹಾಸನಕ್ಕೆ 35ರ ಆಸುಪಾಸು. ಗಾಳಿ ಹಿಡಿಸಲು, ಪಂಚರ್ ಹಾಕಿಸಲು ಇಷ್ಟು ದೂರವೂ ಹೋಗಬೇಕಿಲ್ಲ. ಆದರೆ ಗುಂಡಿಗಿಳಿದು ಅಂಚು ಬಾಗಿದ ಅಲಾಯ್ ವೀಲನ್ನು ಜವಾಬ್ದಾರಿಯಿಂದ ಸರಿಮಾಡುವವರನ್ನು ಹುಡುಕುವುದು ಬೇರೆಯೇ ಕೆಲಸ. ಕಾರು ಕೊಳ್ಳುವ ಮುಂಚೆ ಹತ್ತು ಜನರನ್ನು ವಿಚಾರಿಸುವ ನಾವು, ಚಕ್ರದ ವಿಷಯಕ್ಕೆ ಬಂದಾಗ ‘ಅಲ್ಲಿ ಪೇಂಟ್ ಚೆನ್ನಾಗಿ ಮಾಡ್ತಾರಂತೆ’ ಎಂಬ ಒಂದೇ ಮಾತಿಗೆ ಒಪ್ಪಿಬಿಡುತ್ತೇವೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವ ಕಾರಿನ ಚಕ್ರ ಅದು. ಹೊಳೆದರೆ ಸಾಲದು.

1. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕಿನ ಡಿಸ್ಕ್, ಅಂಟದಿದ್ದರೆ ಅಲಾಯ್. ಉಕ್ಕಿನದಾದರೆ ಹೆಚ್ಚು ತಲೆಬಿಸಿ ಬೇಡ. ತುಕ್ಕು ಕೆರೆದು, ಪ್ರೈಮರ್ ಹೊಡೆದು, ಬಣ್ಣ ಹಚ್ಚಬಹುದು. ತೀರಾ ಬಾಗಿದ್ದರೆ ಹೊಸ ಡಿಸ್ಕೇ ಅಗ್ಗ. ಮುಂದಿನ ಮಾತೆಲ್ಲ ಅಲಾಯ್ ಕುರಿತು.

2. ಏನಾಗಿದೆ ಎಂದು ಮನೆಯಂಗಳದಲ್ಲೇ ತಿಳಿದುಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ. ಕಾರಿನ ಕೆಳಗೆ ಮಾತ್ರ ತೂರಬೇಡಿ. ಒಂದು ಪೆನ್ನನ್ನು ಇಟ್ಟಿಗೆಯ ಮೇಲೆ ಅಲುಗಾಡದಂತೆ ಇಟ್ಟು, ಅದರ ತುದಿ ರಿಮ್ಮಿನ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿರುವ ಹಾಗೆ ಮಾಡಿ, ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ನಡುವಿನ ಸಂದು ಒಂದೇ ಸಮ ಇದ್ದರೆ ನಿಮ್ಮದು ಬರೀ ಗೀರಿನ ಕೆಲಸ. ಒಂದು ಕಡೆ ಪೆನ್ನಿಗೆ ತಾಗಿ ಇನ್ನೊಂದು ಕಡೆ ದೂರ ಸರಿದರೆ ಬೆಂಡ್. ಹೊರಗಿನ ಅಂಚು ನೋಡಿ ಸಮಾಧಾನಪಡಬೇಡಿ. ಗುಂಡಿಯ ಪೆಟ್ಟು ಹೆಚ್ಚಾಗಿ ಬೀಳುವುದು ಒಳಬದಿಯ ಅಂಚಿಗೆ, ಅದು ನಿಂತ ಕಾರಿನಲ್ಲಿ ಕಾಣುವುದೇ ಇಲ್ಲ.

3. ಬಿರುಕು ಬಿಟ್ಟಿದ್ದರೆ ಆ ಚಕ್ರವನ್ನು ಗುಜರಿಗೆ ಹಾಕಿ. ‘ವೆಲ್ಡಿಂಗ್ ಮಾಡಿ ಕೊಡ್ತೀವಿ ಸಾರ್, ಗೊತ್ತೇ ಆಗಲ್ಲ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಗೊತ್ತಾಗದಿರುವುದೇ ಅಪಾಯ. ಅದರಲ್ಲೂ ಬಿರುಕು ಕಡ್ಡಿಗಳ ಬುಡದಲ್ಲೋ ನಟ್ಟು ಕೂರುವ ಜಾಗದಲ್ಲೋ ಇದ್ದರೆ ಎರಡನೇ ಮಾತೇ ಬೇಡ. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುವ ವಿಧಾನವಿದೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಇದರ ಮೂಲ ಹಳೆಯ ರೈಲ್ವೆ ಕಾರ್ಖಾನೆಗಳಲ್ಲಿದೆ. ಅಲ್ಲಿ ಗಾಲಿ, ಅಚ್ಚುಗಳಿಗೆ ಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಬಿರುಕು ಹುಡುಕುತ್ತಿದ್ದರು. ಬೆಂಡ್ ತೆಗೆದ ಮೇಲೆ, ಬಣ್ಣ ಹಚ್ಚುವ ಮುಂಚೆ, ಈ ಪರೀಕ್ಷೆ ಮಾಡುವ ಅಂಗಡಿ ಸಿಕ್ಕರೆ ದೂರವಾದರೂ ಅಲ್ಲಿಗೇ ಹೋಗಿ.

4. ‘ಬೆಂಡ್ ಹೇಗೆ ತೆಗೀತೀರಿ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಅಂಗಡಿಯವರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಸಾಮಾನ್ಯ ಅಲಾಯ್ ವೀಲ್ ಎಂದರೆ ಸುಮಾರು ಶೇಕಡಾ 7 ಸಿಲಿಕಾನ್, ಚೂರು ಮೆಗ್ನೀಶಿಯಂ ಬೆರೆತ ಅಲ್ಯೂಮಿನಿಯಂ. ಕಾರ್ಖಾನೆಯಲ್ಲಿ ಅದನ್ನು 540 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ 150ರಿಂದ 170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡಿರುತ್ತಾರೆ. ಅಂಗಡಿಯಲ್ಲಿ ಗ್ಯಾಸ್ ಟಾರ್ಚಿನ ಬೆಂಕಿ ಬಿಟ್ಟು ಸುತ್ತಿಗೆಯಲ್ಲಿ ಬಡಿದರೆ ಆ ಗಟ್ಟಿತನ ಅಷ್ಟೂ ಹೋಯಿತು. ಕಬ್ಬಿಣವಾದರೆ ಕೆಂಪಗಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಗಲು ಬೆಳಕಿನಲ್ಲಿ ಬಣ್ಣವನ್ನೇ ಬದಲಿಸದೆ ಮೆತ್ತಗಾಗುತ್ತದೆ, ಹಾಗಾಗಿ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಹೈಡ್ರಾಲಿಕ್ ಜಾಕಿರುವ ಮೆಷಿನ್ನಿಗೆ ಚಕ್ರ ಕೂರಿಸಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು, ಸ್ವಲ್ಪ ಸ್ವಲ್ಪವೇ ಒತ್ತುವವರು ಬೇಕು. ಓಲಾಟ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಒಳಗಿರಬೇಕು. ಡಯಲ್ ಗೇಜ್ ತೋರಿಸಿ ಎಂದಾಗ ಮುಖ ಮುಖ ನೋಡಿಕೊಂಡರೆ ನಮಸ್ಕಾರ ಹೇಳಿ ಬನ್ನಿ.

5. ಬೋರ್ಡ್ ನೋಡಿ ಹೋಗಬೇಡಿ, ಚಾಲಕರನ್ನು ಕೇಳಿ. ಅರಸೀಕೆರೆ, ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನವರು ಬೇಲೂರು, ಹಳೇಬೀಡು, ಧರ್ಮಸ್ಥಳ ಅಂತ ದಿನವೂ ಓಡಿಸುವವರು. ಅವರ ಪ್ರಶ್ನೆ ‘ಹೇಗೆ ಕಾಣುತ್ತದೆ’ ಎಂಬುದಲ್ಲ, ‘ಆರು ತಿಂಗಳು ಬಂತಾ’ ಎಂಬುದು. ವೀಲ್ ಅಲೈನ್‌ಮೆಂಟ್ ಅಂಗಡಿಯವರನ್ನೂ ವಿಚಾರಿಸಿ. ಯಾರು ಸರಿಮಾಡಿದ ಚಕ್ರ ಮತ್ತೆ ಓಲಾಡುತ್ತದೆ ಎಂಬುದು ಬ್ಯಾಲೆನ್ಸಿಂಗ್ ಮೆಷಿನ್ ಮುಂದೆ ನಿಂತವರಿಗೆ ಚೆನ್ನಾಗಿ ಗೊತ್ತು. ಹತ್ತಿರ ಸಿಗದಿದ್ದರೆ ತುಮಕೂರು, ಬೆಂಗಳೂರು. ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಹೆಸರಾದರೆ, ಪೌಡರ್ ಕೋಟಿಂಗ್ ಮತ್ತು ಲೇತ್ ಕೆಲಸಕ್ಕೆ ಪೀಣ್ಯ.

6. ಹಳೆ ಬಣ್ಣದ ಮೇಲೆ ಹೊಸ ಬಣ್ಣ ಬೇಡ. ಟೈರು ಬಿಚ್ಚದೆ ಪೇಪರ್ ಅಂಟಿಸಿ ಸ್ಪ್ರೇ ಹೊಡೆಯುವುದು ಒಂದು ಮಳೆಗಾಲದ ಮಾತು. ಹಳೆಯದನ್ನು ಪೂರ್ತಿ ತೆಗೆದು, ನಯವಾದ ಕಣಗಳಲ್ಲಿ ಬ್ಲಾಸ್ಟ್ ಮಾಡಿ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಹಾಕಿಸಬೇಕು. ಪೌಡರ್ ಕೋಟಿಂಗ್ ಗಟ್ಟಿ, ಆದರೆ ಅದನ್ನು ಬೇಯಿಸುವುದು 180ರಿಂದ 200 ಡಿಗ್ರಿಯಲ್ಲಿ. ಆ ಬಿಸಿ ಕಾರ್ಖಾನೆಯ ಕೊನೆಯ ಹದಕ್ಕಿಂತ ಮೇಲೆ. ಆದ್ದರಿಂದ ಎಷ್ಟು ಡಿಗ್ರಿ, ಎಷ್ಟು ನಿಮಿಷ ಎಂದು ಕೇಳಿ. ಕಿಟಕಿ ಸರಳು, ಗೇಟುಗಳ ಜೊತೆ ಒಂದೇ ಓವನ್ನಿಗೆ ತುರುಕಿ ಊಟಕ್ಕೆ ಹೋಗುವ ಕಡೆ ಕೊಡಬೇಡಿ.

7. ಡೈಮಂಡ್ ಕಟ್ ಚಕ್ರವನ್ನು ಕಂಪ್ಯೂಟರ್ ಲೇತ್ ಇರುವಲ್ಲಿಗೇ ಕೊಡಿ. ಕಪ್ಪು ಬಣ್ಣದ ನಡುವೆ ಬೆಳ್ಳಗೆ ಮಿನುಗುವ ಮುಖವನ್ನು ಲೇತಿನಲ್ಲಿ ಕಡೆದೇ ತೆಗೆದಿರುತ್ತಾರೆ. ಹಾರನಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಕ್ಷ್ಮೀನರಸಿಂಹ ದೇವಸ್ಥಾನದ ನವರಂಗದಲ್ಲಿ, 1230ರ ದಶಕದಲ್ಲಿ ಕಡೆದ ಬಳಪದ ಕಲ್ಲಿನ ಕಂಬಗಳ ಉಂಗುರದಂಥ ಗೆರೆಗಳನ್ನು ಮುಟ್ಟಿ ಬೆಳೆದವರು ಅವರು. ಆದರೆ ಚಕ್ರ ಕಂಬದಷ್ಟು ದಪ್ಪ ಅಲ್ಲ. ಪ್ರತಿ ಸಲ ಕಡೆದಾಗಲೂ ಒಂದಿಷ್ಟು ಲೋಹ ಹೋಗುತ್ತದೆ, ಹಾಗಾಗಿ ಒಂದೆರಡು ಸಲಕ್ಕೇ ಇದು ಮುಗಿಯಬೇಕು. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದೆ ಕಡೆಸಿದ್ದಾರೆಯೇ ವಿಚಾರಿಸಿ.

8. ಬಣ್ಣ ತಾಗಬಾರದ ಎರಡು ಜಾಗಗಳಿವೆ: ನಟ್ಟು ಕೂರುವ ಗುಳಿ ಮತ್ತು ಹಬ್ಬಿಗೆ ಒತ್ತಿಕೊಳ್ಳುವ ಹಿಂಬದಿ. ಅಲ್ಲಿ ದಪ್ಪ ಬಣ್ಣ ಕೂತರೆ, ಓಡುತ್ತ ಓಡುತ್ತ ಅದು ಅರೆದುಹೋಗಿ ನಟ್ಟು ಸಡಿಲವಾಗುತ್ತದೆ. ಚಕ್ರ ವಾಪಸ್ ಪಡೆಯುವಾಗ ಮುಂದಿನಿಂದಲ್ಲ, ಹಿಂದಿನಿಂದ ನೋಡಿ.

9. ಹೊಸದರ ಬೆಲೆ ಕೇಳಿಕೊಂಡು ಆಮೇಲೆ ಚೌಕಾಸಿಗೆ ಇಳಿಯಿರಿ. ರಿಪೇರಿ ಖರ್ಚು ಹೊಸ ಚಕ್ರದ ಅರ್ಧ ದಾಟಿದರೆ ನಾನಂತೂ ಹೊಸದನ್ನೇ ತರಿಸುತ್ತೇನೆ. ಹಳೆಯದನ್ನು ಕೊಳ್ಳುವುದಾದರೆ ಒಳಬದಿಯಲ್ಲಿ ಅಚ್ಚಾದ ಅಳತೆ ಪೂರ್ತಿ ಹೊಂದಬೇಕು. ಸ್ವಿಫ್ಟಿಗೆ ನಾಲ್ಕು ನಟ್ಟು, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಕ್ರೆಟಾಗೆ ಐದು ನಟ್ಟು, 114.3. ರಿಮ್ಮಿನ ಅಗಲ ಮತ್ತು ‘ಇಟಿ’ ಎಂದು ಬರೆದ ಅಂಕಿಯೂ ಒಂದೇ ಇರಬೇಕು.

10. ಕಾರಿನ ಬದಲು ಚಕ್ರವನ್ನೇ ಕಳಿಸಬಹುದು. ಸ್ಟೆಪ್ನಿ ಹಾಕಿಕೊಂಡು ಊರೊಳಗೆ ಓಡಾಡಿ, ಬೆಂಡಾದದ್ದನ್ನು ಪಾರ್ಸೆಲ್ ಮಾಡಿ. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಶುರುಮಾಡಿದೆ, ಬುಕಿಂಗ್ ಎಲ್ಲಿ ಎಂದು ಬಸ್ ನಿಲ್ದಾಣದಲ್ಲಿ ಕೇಳಿ. ಕಳಿಸುವ ಮುಂಚೆ ಎರಡೂ ಬದಿಯ ಫೋಟೊ ತೆಗೆದು, ಪೆಟ್ಟು ಬಿದ್ದ ಕಡೆ ಚಾಕ್‌ಪೀಸಿನ ಗುರುತು ಹಾಕಿ. ಮಾತಾಡಿದ ಕೆಲಸವೆಲ್ಲ ಬಿಲ್ಲಿನಲ್ಲಿ ಬರೆಸಿ.

11. ಬ್ಯಾಲೆನ್ಸಿಂಗ್ ಮಾಡಿಸಿ, ಆದರೆ ಅದನ್ನೇ ನಂಬಬೇಡಿ. ಸೀಸದ ತುಂಡುಗಳನ್ನು ಅಂಟಿಸಿ ಬಾಗಿದ ಚಕ್ರದ ತೂಕವನ್ನೂ ಸಮ ಮಾಡಬಹುದು. ಮೆಷಿನ್ ಸೊನ್ನೆ ತೋರಿಸಿದರೂ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಸಾಲಾಗಿ ತೂಕ ಅಂಟಿಸಿಕೊಂಡು ಬಂದರೆ ಮತ್ತೆ ಡಯಲ್ ಗೇಜ್ ಇಡಿಸಿ. ಟ್ಯೂಬ್‌ಲೆಸ್ ವಾಲ್ವ್ ಹೊಸದು ಹಾಕಿಸಿ. ನಟ್ಟುಗಳನ್ನು ಸುತ್ತ ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಸಬೇಕು, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ. ಹಾರನಹಳ್ಳಿಯಿಂದ ಹಾಸನಕ್ಕೆ ಹೋಗಿ ಬಂದರೆ 70 ಕಿ.ಮೀ. ಆಯಿತು. ಅಷ್ಟು ಓಡಿದ ಮೇಲೆ ನಟ್ಟು ಚೂರು ಸಡಿಲವಾಗಿರಬಹುದು, ಹಾಗಾಗಿ ಮನೆಗೆ ಬಂದು ಚಕ್ರ ತಣ್ಣಗಾದ ಮೇಲೆ ಟಾರ್ಕ್ ಸ್ಪ್ಯಾನರ್ ಹಾಕಿ ನಟ್ಟುಗಳನ್ನು ಇನ್ನೊಮ್ಮೆ ನೋಡಿ.